ಬಾರಿಸದೆ ಬಿಟ್ಟ ಪೆಟ್ಟು: ಚಾರ್ಲಿ ವಾಟ್ಸ್ ಕೇಳುಗರಿಗೆ ಏಕೆ ಅಷ್ಟು ದೊಡ್ಡವರು?

2021ರ ಆಗಸ್ಟ್ 24ರ ರಾತ್ರಿ ಮುಂಬೈಯ ರಾಕ್ ಕೇಳುಗರ ಮೊಬೈಲ್‌ಗಳಲ್ಲಿ ಒಂದೇ ಸುದ್ದಿ ಓಡಾಡಿತು. ಬ್ರಿಟನ್ನಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ಡ್ರಮ್ ವಾದಕ ಚಾರ್ಲಿ ವಾಟ್ಸ್ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಿದ್ದರು. ಅವರಿಗೆ 80 ವರ್ಷ. 1963ರ ಜನವರಿಯಲ್ಲಿ ತಂಡಕ್ಕೆ ಸೇರಿದವರು 58 ವರ್ಷ ಆ ಜಾಗ ಬಿಟ್ಟು ಕದಲಿರಲಿಲ್ಲ. ಮಾಟುಂಗಾದಿಂದ ಡೊಂಬಿವಲಿಯವರೆಗೆ ಚದುರಿಕೊಂಡಿರುವ ನಮ್ಮ ಕನ್ನಡದ ಗೆಳೆಯರ ಬಳಗದಲ್ಲಿಯೂ ಆ ರಾತ್ರಿ ಯಾರೂ ಬೇಗ ಮಲಗಲಿಲ್ಲ. ಒಬ್ಬರು ಹಳೆಯ ಕ್ಯಾಸೆಟ್ಟಿನ ಹೊದಿಕೆಯ ಚಿತ್ರ ಕಳಿಸಿದರೆ, ಇನ್ನೊಬ್ಬರು ಬ್ರೇಬೋರ್ನ್ ಕ್ರೀಡಾಂಗಣದಲ್ಲಿ 2003ರಲ್ಲಿ ನಡೆದ ಸ್ಟೋನ್ಸ್ ಕಛೇರಿಯ ಟಿಕೆಟಿನ ಹರಿದ ಅರ್ಧವನ್ನು ಎಲ್ಲಿಂದಲೋ ಹುಡುಕಿ ತೆಗೆದು ಕಳಿಸಿದರು.

ಮರುದಿನ ಬೆಳಿಗ್ಗೆ ಈ ಗೆಳೆಯರ ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಎದ್ದಿತ್ತು. ಆತ ಹಾಡಿದವನಲ್ಲ, ಹಾಡು ಕಟ್ಟಿದವನೂ ಅಲ್ಲ, ಹಿಂದೆ ಕುಳಿತು ತಾಳ ಹಿಡಿದವನು. ಅವನಿಗಾಗಿ ಇಷ್ಟು ಸಂಕಟವೇ? ಪ್ರಶ್ನೆ ನ್ಯಾಯವಾದದ್ದೇ. ತೊಂದರೆಯೆಂದರೆ ಉತ್ತರವಾಗಿ ವಾಟ್ಸ್ ಅವರ ವಿಡಿಯೊ ಹಾಕಿ ತೋರಿಸಿದರೆ ಪ್ರಶ್ನೆ ಇನ್ನಷ್ಟು ಗಟ್ಟಿಯಾಗುತ್ತದೆ. ಬೇರೆ ಡ್ರಮ್ ವಾದಕರು ಕೂದಲು ಕೆದರಿಕೊಂಡು, ಬೆವರು ಹರಿಸಿಕೊಂಡು, ಹತ್ತಾರು ವಾದ್ಯಗಳ ಕೋಟೆಯ ನಡುವೆ ಕುಳಿತು ಮೈಮೇಲೆ ಬಂದವರಂತೆ ಬಾರಿಸುತ್ತಾರೆ. ವಾಟ್ಸ್ ಅವರ ಮುಂದೆ ಇರುವುದು ನಾಲ್ಕು ಡ್ರಮ್, ಕೆಲವು ಸಿಂಬಲ್ ಎಂಬ ಕಂಚಿನ ತಟ್ಟೆಗಳು. ಇಸ್ತ್ರಿ ಮಾಡಿದ ಅಂಗಿ. ಮುಖದಲ್ಲಿ ಯಾವ ಉದ್ವೇಗವೂ ಇಲ್ಲ. ತಂಡದೊಂದಿಗೆ ವೇದಿಕೆಯ ಮೇಲೆ ಒಂಟಿ ಡ್ರಮ್ ಪ್ರದರ್ಶನವನ್ನು, ಅಂದರೆ ನಮ್ಮ ತನಿ ಆವರ್ತನದಂಥದ್ದನ್ನು, ಅವರು ಇಷ್ಟಪಟ್ಟವರೇ ಅಲ್ಲ. ಷಣ್ಮುಖಾನಂದ ಸಭಾಂಗಣದಲ್ಲಿ ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಏಳುವ ನಮ್ಮ ಹಿರಿಯರಿಗೆ ಇಂಥ ವಾದಕ ಹಿಡಿಸಬೇಕಿತ್ತು.

ನನ್ನ ಮಟ್ಟಿಗೆ ಉತ್ತರ ಇಷ್ಟು. ವಾಟ್ಸ್ ಅವರ ಹೆಚ್ಚುಗಾರಿಕೆ ಅವರು ಬಾರಿಸದೆ ಬಿಟ್ಟದ್ದರಲ್ಲಿ ಮತ್ತು ಯಾರ ಹಿಂದೆ ಹೋದರು ಎಂಬುದರಲ್ಲಿ ಇದೆ. ಕಣ್ಣಿಗೆ ಕಾಣುವ ವಿಷಯವಲ್ಲ ಇದು, ಕಿವಿಗೇ ಸಿಗಬೇಕು. ಅದಕ್ಕೆ ರಾಕ್ ಲಯದ ಒಳಗಿನ ಕಟ್ಟು ಸ್ವಲ್ಪ ತಿಳಿದಿರಬೇಕು.

ಡ್ರಮ್ ಕಿಟ್ ಎಂದರೆ ನಾಲ್ಕು ಜನರ ಕೆಲಸವನ್ನು ಒಬ್ಬನ ಎರಡು ಕೈ ಎರಡು ಕಾಲುಗಳಿಗೆ ಹಂಚಿದ ವ್ಯವಸ್ಥೆ. ಬಲಗಾಲು ಪೆಡಲ್ ಒತ್ತಿದಾಗ ನೆಲದ ಮೇಲೆ ಅಡ್ಡ ಮಲಗಿದ ಬಾಸ್ ಡ್ರಮ್ ‘ಧುಂ’ ಎನ್ನುತ್ತದೆ. ಎಡಗೈಯ ಕೆಳಗೆ ಸ್ನೇರ್ ಇರುತ್ತದೆ. ಅದರ ತಳದ ಚರ್ಮಕ್ಕೆ ತಾಗಿಕೊಂಡಿರುವ ತಂತಿಗಳಿಂದಾಗಿ ಪೆಟ್ಟು ಚಟೀರ್ ಎಂದು ಸಿಡಿಯುತ್ತದೆ. ಎಡಗಾಲಿನ ಪೆಡಲ್ಲಿಗೆ ಒಂದರ ಮೇಲೊಂದು ಮುಚ್ಚಿಕೊಳ್ಳುವ ಎರಡು ಕಂಚಿನ ತಟ್ಟೆಗಳು ಸೇರಿವೆ. ಅದು ಹೈ-ಹ್ಯಾಟ್. ಬಲಗೈಯ ಕೋಲು ಅದರ ಮೇಲೆ ‘ಟಿಕ್ ಟಿಕ್’ ಎಂದು ಸಣ್ಣ ಸಣ್ಣ ಹೆಜ್ಜೆ ಎಣಿಸುತ್ತಿರುತ್ತದೆ. ಉಳಿದ ಟಾಮ್ ಡ್ರಮ್ಮುಗಳು, ದೊಡ್ಡ ಸಿಂಬಲ್‌ಗಳು ತಿರುವುಗಳಿಗೆ ಮತ್ತು ಮುಕ್ತಾಯಗಳಿಗೆ.

ರಾಕ್ ಹಾಡುಗಳಲ್ಲಿ ಹೆಚ್ಚಿನವು ನಾಲ್ಕು ಅಕ್ಷರಗಳ, ಅಂದರೆ ನಾಲ್ಕು ಎಣಿಕೆಗಳ, ಆವರ್ತನದಲ್ಲಿ ಸಾಗುತ್ತವೆ. ಒಂದು ಮತ್ತು ಮೂರಕ್ಕೆ ಬಾಸ್ ಡ್ರಮ್, ಎರಡು ಮತ್ತು ನಾಲ್ಕಕ್ಕೆ ಸ್ನೇರ್. ಹೈ-ಹ್ಯಾಟ್ ಪ್ರತಿ ಅಕ್ಷರವನ್ನೂ ಎರಡಾಗಿ ಸೀಳಿ ಆವರ್ತನಕ್ಕೆ ಎಂಟು ಪೆಟ್ಟು ಹಾಕುತ್ತದೆ. ನಮ್ಮ ಕಿವಿ ಪಳಗಿರುವುದು ಬೇರೆ ರೀತಿಯಲ್ಲಿ. ಆದಿತಾಳದಲ್ಲಿ ಕೈ ತಟ್ಟುವುದು ಒಂದು, ಐದು ಮತ್ತು ಏಳಕ್ಕೆ. ಭಾರ ಬೀಳುವುದು ಸಮದ, ಅಂದರೆ ಆವರ್ತನದ ಮೊದಲ ಅಕ್ಷರದ ಮೇಲೆ. ಭಜನೆಯಲ್ಲಿ ಕೂಡ ಜನ ತಟ್ಟುವುದು ಒಂದಕ್ಕೆ ಮತ್ತು ಮೂರಕ್ಕೆ. ರಾಕ್ ಸಂಗೀತ ಆ ಭಾರವನ್ನು ತೆಗೆದು ಎರಡು ಮತ್ತು ನಾಲ್ಕರ ಮೇಲೆ ಇಡುತ್ತದೆ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಚಪ್ಪಾಳೆ ಬೀಳುತ್ತಿದ್ದದ್ದು ಅಲ್ಲಿ. ಅಲ್ಲಿಂದ ಬ್ಲೂಸ್‌ಗೆ, ರಿದಮ್ ಆಂಡ್ ಬ್ಲೂಸ್‌ಗೆ ಬಂದು, 1949–50ರ ಹೊತ್ತಿಗೆ ನ್ಯೂ ಆರ್ಲಿಯನ್ಸ್‌ನ ಅರ್ಲ್ ಪಾಮರ್, ಆಮೇಲೆ ಶಿಕಾಗೋದ ಫ್ರೆಡ್ ಬಿಲೋ ಮುಂತಾದ ವಾದಕರ ಕೈಯಲ್ಲಿ ಅದು ಧ್ವನಿಮುದ್ರಣಗಳಿಗೆ ಇಳಿಯಿತು. ಮೊದಲ ಬಾರಿ ರಾಕ್ ಕೇಳುವ ನಮ್ಮವರಿಗೆ ಏನೋ ತಲೆಕೆಳಗಾದಂತೆ ಅನ್ನಿಸುವುದು ಈ ಕಾರಣಕ್ಕೆ.

ಇಷ್ಟನ್ನು ಯಾವ ವಾದಕ ಬೇಕಾದರೂ ಒಂದು ವಾರದಲ್ಲಿ ಕಲಿಯುತ್ತಾನೆ. ವಾಟ್ಸ್ ಇಲ್ಲಿ ಏನು ಮಾಡಿದರು ಎಂದರೆ ಎಂಟು ಪೆಟ್ಟುಗಳಲ್ಲಿ ಎರಡನ್ನು ಬಿಟ್ಟುಬಿಟ್ಟರು. ಎಡಗೈ ಸ್ನೇರಿನ ಮೇಲೆ ಬೀಳುವ ಗಳಿಗೆಯಲ್ಲಿ ಅವರ ಬಲಗೈ ಹೈ-ಹ್ಯಾಟಿನ ಮೇಲೆ ಇರುವುದಿಲ್ಲ, ಗಾಳಿಯಲ್ಲಿ ಎದ್ದಿರುತ್ತದೆ. ‘ಒಂದು-ಮತ್ತು-ಎರಡು-ಮತ್ತು’ ಎಂದು ಎಣಿಸಿದರೆ ಮೂರನೆಯ ಮತ್ತು ಏಳನೆಯ ಟಿಕ್ ಮಾಯ. ಉಳಿಯುವುದು ಆರು. ಹಳೆಯ ವಿಡಿಯೊಗಳಲ್ಲಿ ಅವರ ಬಲ ಮಣಿಕಟ್ಟನ್ನು ಮಾತ್ರ ನೋಡುತ್ತ ಹೋಗಿ. ಪ್ರತಿ ಸ್ನೇರ್ ಪೆಟ್ಟಿಗೂ ಅದು ಹಿಂದಕ್ಕೆ ಸರಿದು ಜಾಗ ಕೊಡುವುದು ಸ್ಪಷ್ಟವಾಗಿ ಕಾಣುತ್ತದೆ.

ಇದರಿಂದ ಏನಾಗುತ್ತದೆ? ಮೊದಲನೆಯದಾಗಿ ಸ್ನೇರ್ ಒಂಟಿಯಾಗಿ ಕೇಳುತ್ತದೆ. ಕಂಚಿನ ಸದ್ದು ಮೇಲೆ ಮುಸುಕು ಹಾಕದ ಕಾರಣ ಅದು ಜೋರಾಗಿ ಬಾರಿಸದಿದ್ದರೂ ಎದ್ದು ನಿಲ್ಲುತ್ತದೆ. ಪ್ರತಿ ಸ್ನೇರ್ ಪೆಟ್ಟಿನ ಸುತ್ತ ಒಂದು ಸಣ್ಣ ತೆರಪು ಹುಟ್ಟುವುದರಿಂದ ಲಯ ಒಂದೇ ಸಮನೆ ಓಡದೆ ಉಸಿರಾಡುತ್ತದೆ. ಇದರ ಜೊತೆಗೆ ಬಲಗೈ ಮೇಲೆದ್ದು ಇಳಿಯುವ ಆ ಚಲನೆಯಲ್ಲಿ ಮುಂದಿನ ಪೆಟ್ಟು ಕೂದಲೆಳೆಯಷ್ಟು ತಡವಾಗುವ ಸಾಧ್ಯತೆ ಇರುತ್ತದೆ. ಆ ತಡವೇ ಹಾಡಿಗೆ ಒಂದು ಒಯ್ಯಾರದ ನಡಿಗೆ ಕೊಡುವುದು.

ಅಂಧೇರಿಯಲ್ಲಿ ಗಂಟೆ ಲೆಕ್ಕಕ್ಕೆ ಬಾಡಿಗೆಗೆ ಸಿಗುವ ಜ್ಯಾಮ್ ಪ್ಯಾಡ್‌ಗಳು ಹಲವು ಇವೆ. ಗೋಡೆಗೆಲ್ಲ ಫೋಮ್ ಅಂಟಿಸಿದ, ಕಿಟಕಿಯಿಲ್ಲದ ಕೋಣೆಗಳು. ಡ್ರಮ್ ಕಲಿಯುತ್ತಿರುವ ನನ್ನ ಅಕ್ಕನ ಮಗ ಅಂಥದ್ದೊಂದರಲ್ಲಿ ಈ ವರಸೆಯನ್ನು ಪ್ರಯತ್ನಿಸಿದ. “ಮಾಮ, ಕಡಿಮೆ ಬಾರಿಸುವುದು ತಾನೆ? ಇದರಲ್ಲೇನಿದೆ?” ಎಂದು ಕುಳಿತವನ ಕೈ ನಾಲ್ಕನೆಯ ಆವರ್ತನಕ್ಕೇ ತಡವರಿಸಿತು. ಹೈ-ಹ್ಯಾಟ್ ಎಡಗಡೆ ಇರುವುದರಿಂದ ಬಲಗೈ ಎಡಗೈಯ ಮೇಲಿನಿಂದ ಅಡ್ಡ ಹಾಯ್ದು ಅಲ್ಲಿಗೆ ತಲುಪಬೇಕು. ಸ್ನೇರಿಗೆ ಚೆನ್ನಾಗಿ ಏಟು ಬೀಳಬೇಕೆಂದರೆ ಎಡಗೈ ಮೇಲೆ ಏಳಬೇಕು. ಆಗ ಕೋಲಿಗೆ ಕೋಲು ತಾಗಿ ‘ಟಕ್’ ಎನ್ನುತ್ತದೆ. ವಾಟ್ಸ್ ಬಲಗೈ ತೆಗೆದಾಗ ಎಡಗೈಗೆ ದಾರಿ ತೆರೆದುಕೊಳ್ಳುತ್ತಿತ್ತು, ನಿಜ. ಆದರೆ ಸದಾ ಎಂಟು ಎಣಿಸಿ ಅಭ್ಯಾಸವಾದ ಕೈಗೆ ಎರಡನ್ನು ನುಂಗುವುದು ಬಹಳ ಕಷ್ಟ. ಕೈ ನಿಂತಾಗ ಎಣಿಕೆ ನಿಲ್ಲಬಾರದು. ಹುಡುಗ ಆ ಮಧ್ಯಾಹ್ನವೆಲ್ಲ ಬೆವರಿಳಿಸಿಕೊಂಡು, ಕೊನೆಗೆ ವೇಗವನ್ನು ಅರ್ಧಕ್ಕೆ ಇಳಿಸಿಕೊಂಡು ಹೇಗೋ ಹಿಡಿದ.

ಅವರ ಎಡಗೈಯ ಹಿಡಿತವೂ ಬೇರೆಯದೇ. ರಾಕ್ ವಾದಕರು ಸಾಮಾನ್ಯವಾಗಿ ಎರಡೂ ಕೋಲುಗಳನ್ನು ಒಂದೇ ರೀತಿ, ಅಂಗೈ ಕೆಳಮುಖವಾಗಿ ಹಿಡಿಯುತ್ತಾರೆ. ವಾಟ್ಸ್ ಅವರ ಎಡ ಅಂಗೈ ಮೇಲ್ಮುಖ. ಕೋಲು ಹೆಬ್ಬೆರಳಿನ ಸಂದಿಯಲ್ಲಿ ಕುಳಿತು ಬೆರಳುಗಳ ನಡುವಿನಿಂದ ಹೊರಬರುತ್ತದೆ. ಹೆಗಲಿಗೆ ಓರೆಯಾಗಿ ತೂಗುಹಾಕಿದ ಡ್ರಮ್ ಬಾರಿಸುತ್ತಿದ್ದ ಸೈನಿಕ ವಾದಕರಿಂದ ಜಾಝ್ ವಾದಕರಿಗೆ ಬಂದ ಹಿಡಿತ ಅದು. ಬಲಕ್ಕಿಂತ ನಾಜೂಕಿಗೆ ಒದಗುವಂಥದ್ದು. ಜಗತ್ತಿನ ಅತ್ಯಂತ ಗದ್ದಲದ ತಂಡಗಳಲ್ಲಿ ಒಂದನ್ನು ಅವರು ಈ ಹಿಡಿತದಲ್ಲಿಯೇ ನಡೆಸಿದರು.

ಏಕೆಂದರೆ ಅವರು ಮೂಲತಃ ಜಾಝ್‌ನವರು. 1941ರ ಜೂನ್ 2ರಂದು ಲಂಡನ್ನಿನಲ್ಲಿ ಹುಟ್ಟಿದ ಹುಡುಗ ಮೊದಲು ಕೊಂಡದ್ದು ಬ್ಯಾಂಜೊ ಎಂಬ, ಚರ್ಮ ಬಿಗಿದ ತಂತಿವಾದ್ಯ. ಅದರ ಕುತ್ತಿಗೆಯನ್ನು ಕಳಚಿ, ಚರ್ಮದ ಭಾಗವನ್ನೇ ಸ್ನೇರ್ ಮಾಡಿಕೊಂಡು ಬಾರಿಸತೊಡಗಿದ. ಚಿಕೊ ಹ್ಯಾಮಿಲ್ಟನ್ ಎಂಬ ಅಮೆರಿಕದ ವಾದಕ ಕೋಲಿನ ಬದಲು ತಂತಿಯ ಕುಂಚದಿಂದ ಡ್ರಮ್ ನುಡಿಸಿದ್ದನ್ನು ಕೇಳಿ ಹುಚ್ಚು ಹಿಡಿದದ್ದು. ಕಲಾಶಾಲೆಯಲ್ಲಿ ಓದಿ ಜಾಹೀರಾತು ವಿನ್ಯಾಸದ ಕೆಲಸಕ್ಕೆ ಸೇರಿದ. ಜಾಝ್ ದೈತ್ಯ ಚಾರ್ಲಿ ಪಾರ್ಕರ್ ಬಗ್ಗೆ ಮಕ್ಕಳ ಪುಸ್ತಕದ ಧಾಟಿಯಲ್ಲಿ ಒಂದು ಚಿತ್ರಕಥೆಯನ್ನೂ ಬರೆದ. ಬ್ಲೂಸ್ ಏನೆಂದು ಅವರಿಗೆ ಆಮೇಲೆ ಕಲಿಸಿದವರು ಲಂಡನ್ನಿನ ಬ್ಲೂಸ್ ಸಂಗೀತಗಾರ ಅಲೆಕ್ಸಿಸ್ ಕಾರ್ನರ್ ಮತ್ತು ಸ್ಟೋನ್ಸ್‌ನ ಹುಡುಗರು.

ಈ ಜಾಝ್ ಹಿನ್ನೆಲೆ ಕೆಲಸಕ್ಕೆ ಬರುವ ಜಾಗವನ್ನು ಕರ್ನಾಟಕ ಸಂಗೀತ ಬಲ್ಲವರಿಗೆ ವಿವರಿಸುವುದು ಸುಲಭ. ಒಂದು ಅಕ್ಷರವನ್ನು ಸಮನಾಗಿ ಎರಡು ಅಥವಾ ನಾಲ್ಕು ಮಾಡಿದರೆ ಚತುರಶ್ರ ನಡೆ, ‘ತಕಧಿಮಿ’. ಮೂರು ಮಾಡಿದರೆ ತಿಸ್ರ ನಡೆ, ‘ತಕಿಟ’. ರಾಕ್‌ನಲ್ಲಿ ಹೈ-ಹ್ಯಾಟ್ ಸಾಮಾನ್ಯವಾಗಿ ಚತುರಶ್ರದ ಲೆಕ್ಕದಲ್ಲಿ ನೆಟ್ಟಗೆ ಹೋಗುತ್ತದೆ. ಜಾಝ್ ಮತ್ತು ಹಳೆಯ ಬ್ಲೂಸ್‌ನಲ್ಲಿ ‘ತಕಿಟ’ದ ನಡುವಿನ ‘ಕಿ’ಯನ್ನು ನುಂಗಿ ‘ತ-ಟ, ತ-ಟ’ ಎಂದು ಕುಂಟುತ್ತ ಹೋಗುವುದು ವಾಡಿಕೆ. ವಾಟ್ಸ್ ಇವೆರಡರ ನಡುವೆ ಎಲ್ಲೋ ಇರುತ್ತಾರೆ. ಗಿಟಾರ್ ಚತುರಶ್ರದಲ್ಲಿ ಕೊಚ್ಚುತ್ತಿರುವಾಗ ಇವರ ಕೈಯಲ್ಲಿ ತಿಸ್ರದ ಒಂದು ನೆರಳು ಸುಳಿಯುತ್ತಿರುತ್ತದೆ. ಪೂರ್ತಿ ಅದೂ ಅಲ್ಲ, ಇದೂ ಅಲ್ಲ. ಮೃದಂಗದ ಪಾಠದಲ್ಲಿ ಹೀಗೆ ಮಾಡಿದರೆ ಗುರುಗಳು ಬೆನ್ನಿಗೆ ಬಾರಿಸಿಯಾರು. ಇಲ್ಲಿ ಅದೇ ರುಚಿ. ಇದನ್ನು ಸ್ವರಲಿಪಿಯಲ್ಲಿ ಬರೆಯಲು ಬರುವುದಿಲ್ಲ. ಅನುಕರಿಸಲು ಹೊರಟ ಅನೇಕ ತಂಡಗಳು ಇಲ್ಲಿಯೇ ಎಡವುತ್ತವೆ. ಗಿಟಾರಿನ ಸ್ವರಗಳೆಲ್ಲ ಸರಿಯಾಗಿರುತ್ತವೆ, ಹಾಡು ಮಾತ್ರ ಕುಣಿಯುವುದಿಲ್ಲ.

ಎರಡನೆಯ ಸಂಗತಿ ಇದಕ್ಕಿಂತ ಕುತೂಹಲದ್ದು. ಬಹುತೇಕ ರಾಕ್ ತಂಡಗಳಲ್ಲಿ ಕಾಲಪ್ರಮಾಣದ ಯಜಮಾನ ಡ್ರಮ್ ವಾದಕ. ಉಳಿದವರು ಅವನನ್ನು ಹಿಂಬಾಲಿಸುತ್ತಾರೆ. ಸ್ಟೋನ್ಸ್‌ನಲ್ಲಿ ಹಾಗಲ್ಲ. ಅಲ್ಲಿ ಮುಂದೆ ಹೋಗುವವರು ಗಿಟಾರಿನ ಕೀತ್ ರಿಚರ್ಡ್ಸ್. ವಾಟ್ಸ್ ಅವರ ಕಿವಿ ರಿಚರ್ಡ್ಸ್ ಅವರ ಕೈಯ ಮೇಲೆ. ಆದ್ದರಿಂದ ಡ್ರಮ್ ಗಿಟಾರಿಗಿಂತ ಒಂದು ಎಳೆ ಹಿಂದೆ ಬೀಳುತ್ತದೆ. ಬಾಸ್ ಗಿಟಾರ್ ನುಡಿಸುತ್ತಿದ್ದ ಬಿಲ್ ವೈಮನ್ ಈ ಒಳಗುಟ್ಟನ್ನು ಹಿಂದೆಯೇ ವಿವರಿಸಿದ್ದಾರೆ. ಮೂವರೂ ಒಂದೇ ಬಿಂದುವಿನ ಮೇಲೆ ಬೀಳದೆ ಒಬ್ಬರ ಹಿಂದೊಬ್ಬರು ಬೀಳುವುದರಿಂದ ಹಾಡು ಯಾವ ಕ್ಷಣದಲ್ಲಾದರೂ ಕಳಚಿಬೀಳಬಹುದು ಎನ್ನಿಸುತ್ತಿರುತ್ತದೆ, ಬೀಳುವುದಿಲ್ಲ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸತಲ್ಲ. ಭಾಗವತರು ತಾಳ ಹಿಡಿದು ಪದ ಎತ್ತುತ್ತಾರೆ. ಮದ್ದಳೆಯವರ ಕಣ್ಣು ಅವರ ತುಟಿಯ ಮೇಲೆ, ಇನ್ನೊಂದು ಕಣ್ಣು ವೇಷದ ಕಾಲಿನ ಮೇಲೆ. ಚೆಂಡೆ ಏರುವುದು ರೋಷ ಬಂದಾಗ, ಯುದ್ಧ ಬಂದಾಗ. ಮದ್ದಳೆ ಮಾತ್ರ ರಾತ್ರಿಯಿಡೀ ಪದದ ಜೊತೆ ಇರಲೇಬೇಕು. ಮುಂಬೈಯ ಯಕ್ಷಗಾನ ಕಲಾವಿದರಲ್ಲಿ ಚೆಂಡೆ ಬಾರಿಸುವ ಹಿರಿಯರೊಬ್ಬರಿಗೆ ನಾನು ಸ್ಟೋನ್ಸ್‌ನ ಹಾಡೊಂದನ್ನು ಇಯರ್‌ಫೋನ್ ಕೊಟ್ಟು ಕೇಳಿಸಿದೆ. ಹಗಲು ಹೋಟೆಲಿನ ಗಲ್ಲಾದಲ್ಲಿ ಕುಳಿತು ರಾತ್ರಿ ಮೇಳಕ್ಕೆ ಹೋಗುವವರು, ಇಂಗ್ಲಿಷ್ ಹಾಡಿನ ಗಂಧಗಾಳಿ ಇಲ್ಲ. ಕಣ್ಣು ಮುಚ್ಚಿ ಪೂರ್ತಿ ಕೇಳಿ, “ಇವರು ಚೆಂಡೆಯವರಲ್ಲ ಮಾರಾಯರೇ, ಮದ್ದಳೆಯವರು” ಎಂದರು. ಸಂಗೀತ ವಿಮರ್ಶಕರು ಪುಟಗಟ್ಟಲೆ ಬರೆದದ್ದು ಇಷ್ಟೇ.

ಇದಕ್ಕೆ ಇನ್ನೊಂದು ಮಗ್ಗುಲು ಇದೆ. ಇಂದು ಧ್ವನಿಮುದ್ರಣ ಮಾಡುವಾಗ ವಾದಕರ ಕಿವಿಗೆ ಯಂತ್ರದ ಟಿಕ್ ಟಿಕ್ ಕೊಡುತ್ತಾರೆ. ಅದಕ್ಕೂ ಮೀರಿ ಪೆಟ್ಟು ಆಚೀಚೆ ಆದರೆ ಕಂಪ್ಯೂಟರಿನಲ್ಲಿ ಎಳೆದು ಗೆರೆಯ ಮೇಲೆ ಕೂರಿಸುತ್ತಾರೆ. ಆದರೆ ಸ್ಟೋನ್ಸ್‌ನ 1969ರ ‘ಹಾಂಕಿ ಟಾಂಕ್ ವಿಮೆನ್’ ಹಾಡಿನ ಆರಂಭದ ವೇಗಕ್ಕೂ ಕೊನೆಯ ವೇಗಕ್ಕೂ ಅಜಗಜಾಂತರ. ಹಾಡು ಕಾವೇರಿದಂತೆ ಓಟವೂ ಏರುತ್ತದೆ. ಮೊದಲಿಗೆ ಕೇಳುವ ಕೌಬೆಲ್, ಅಂದರೆ ಕೋಲಿನಿಂದ ಬಾರಿಸುವ ಲೋಹದ ಗಂಟೆ, ನಿರ್ಮಾಪಕ ಜಿಮ್ಮಿ ಮಿಲ್ಲರ್ ಅವರದು. ಅದರೊಳಕ್ಕೆ ವಾಟ್ಸ್ ಬಂದು ಸೇರಿಕೊಳ್ಳುವ ಆ ಒಂದೆರಡು ಕ್ಷಣಗಳಲ್ಲಿ ಇಬ್ಬರ ಲೆಕ್ಕವೂ ಪೂರ್ತಿ ಹೊಂದಿಕೆಯಾಗಿಲ್ಲ. ಇಂದಿನ ಎಂಜಿನಿಯರ್ ಅದನ್ನು ತಪ್ಪೆಂದು ತಿದ್ದಿಬಿಡುತ್ತಿದ್ದ. ತಿದ್ದಿದ್ದರೆ ಆ ಹಾಡು ಇಷ್ಟು ವರ್ಷ ಬಾಳುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಅಭಿಮಾನದ ಭರದಲ್ಲಿ ಎಲ್ಲವನ್ನೂ ಅವರ ಖಾತೆಗೆ ಬರೆಯುವುದೂ ಸರಿಯಲ್ಲ. ‘ಯು ಕಾಂಟ್ ಆಲ್ವೇಸ್ ಗೆಟ್ ವಾಟ್ ಯು ವಾಂಟ್’ ಹಾಡಿನ ಧ್ವನಿಮುದ್ರಣದಲ್ಲಿ ಡ್ರಮ್ ಬಾರಿಸಿದವರು ಅದೇ ಜಿಮ್ಮಿ ಮಿಲ್ಲರ್. ಆ ಲಯ ವಾಟ್ಸ್ ಅವರ ಕೈಗೆ ಆ ದಿನ ಒಗ್ಗಲಿಲ್ಲ. ಆಮೇಲೆ ದಶಕಗಳ ಕಾಲ ಕಛೇರಿಗಳಲ್ಲಿ ಅವರೇ ಅದನ್ನು ನುಡಿಸಿದರು. 1974ರ ‘ಇಟ್ಸ್ ಓನ್ಲಿ ರಾಕ್ ಆಂಡ್ ರೋಲ್’ ಹಾಡಿನಲ್ಲಿರುವುದು ಕೆನ್ನಿ ಜೋನ್ಸ್.

ಅವರ ಬದುಕಿನ ಬಗ್ಗೆ ಅಭಿಮಾನಿಗಳು ಹೇಳಿಕೊಳ್ಳುವ ಕಥೆಗಳು ಬೇಕಾದಷ್ಟಿವೆ. 1964ರಲ್ಲಿ ಶರ್ಲಿ ಅವರನ್ನು ಮದುವೆಯಾಗಿ ಕೊನೆಯವರೆಗೂ ಜೊತೆಗೇ ಬಾಳಿದ್ದು, ರಾಕ್ ಲೋಕದಲ್ಲಿ ಅದೊಂದು ಸೋಜಿಗ. ಲಂಡನ್ನಿನ ಸ್ಯಾವಿಲ್ ರೋ ದರ್ಜಿಗಳು ಹೊಲಿದ ಸೂಟುಗಳು. ಕಾರು ಓಡಿಸಲು ಬಾರದಿದ್ದರೂ ಹಳೆಯ ಕಾರುಗಳ ಸಂಗ್ರಹ. ಡೆವನ್‌ನಲ್ಲಿ ಅರಬ್ಬಿ ಕುದುರೆಗಳ ಸಾಕಣೆ. 1980ರ ದಶಕದ ನಡುವೆ ಮಾದಕವಸ್ತು, ಮದ್ಯಕ್ಕೆ ಬಿದ್ದು ಎದ್ದು ಬಂದದ್ದನ್ನು ಈ ಸಜ್ಜನನ ಚಿತ್ರದಲ್ಲಿ ಹಲವರು ಮರೆಮಾಡುತ್ತಾರೆ. ಅವರೇನೂ ಮುಚ್ಚಿಟ್ಟಿರಲಿಲ್ಲ. 2004ರಲ್ಲಿ ಗಂಟಲಿನ ಕ್ಯಾನ್ಸರ್ ಬಂದು ಗುಣವಾಯಿತು. ತನ್ನನ್ನು ‘ನನ್ನ ಡ್ರಮ್ಮರ್’ ಎಂದು ಕರೆದ ಗಾಯಕ ಮಿಕ್ ಜ್ಯಾಗರ್ ಅವರಿಗೆ ನಡುರಾತ್ರಿ ಸೂಟು ತೊಟ್ಟು, ಶೂ ಹೊಳಪು ಮಾಡಿಕೊಂಡು ಹೋಗಿ ಗುದ್ದಿದ ಕಥೆ ಕೀತ್ ರಿಚರ್ಡ್ಸ್ ಅವರ 2010ರ ಆತ್ಮಕಥೆಯಲ್ಲಿದೆ. ರಿಚರ್ಡ್ಸ್ ಕಥೆಗಾರಿಕೆಯಲ್ಲಿ ಕಡಿಮೆಯವರಲ್ಲ ಎಂಬುದನ್ನು ನೆನಪಿಟ್ಟು ಓದಬೇಕು.

ನನಗೆ ಹೆಚ್ಚು ಇಷ್ಟವಾದದ್ದು ಬೇರೆ. 1967ರಿಂದ ಪ್ರವಾಸದಲ್ಲಿ ಮಲಗಿದ ಪ್ರತಿಯೊಂದು ಹೋಟೆಲಿನ ಹಾಸಿಗೆಯನ್ನೂ ಅವರು ಚಿತ್ರವಾಗಿ ಬಿಡಿಸಿಡುತ್ತಿದ್ದರು. ಹಾಗಿದ್ದರೆ 2003ರ ಏಪ್ರಿಲ್‌ನ ಮುಂಬೈ ಹಾಸಿಗೆಯೂ ಆ ಪುಸ್ತಕಗಳಲ್ಲಿ ಎಲ್ಲೋ ಇರಬೇಕು.

ಆ ಏಪ್ರಿಲ್ಲನ್ನು ಇಲ್ಲಿಯ ಅಭಿಮಾನಿಗಳು ಈಗಲೂ ಚಪ್ಪರಿಸುತ್ತಾರೆ. ಸ್ಟೋನ್ಸ್ ಭಾರತದಲ್ಲಿ ನಡೆಸಿದ ಕಛೇರಿಗಳು ಎರಡು. ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನ, 7ರಂದು ಚರ್ಚ್‌ಗೇಟ್ ಹತ್ತಿರದ ಬ್ರೇಬೋರ್ನ್ ಕ್ರೀಡಾಂಗಣ. ಅದೇ ಹೊತ್ತಿಗೆ ಪೂರ್ವ ಏಷ್ಯಾದಲ್ಲಿ ಸಾರ್ಸ್ ರೋಗ ಹರಡಿ ಚೀನಾದ ಕಛೇರಿಗಳು ರದ್ದಾದವು. ಆ ಲೆಕ್ಕದಲ್ಲಿ ನಾವು ಅದೃಷ್ಟವಂತರು. ಮುಂಬೈಯ ಕನ್ನಡಿಗರ ಒಂದು ತಲೆಮಾರಿಗೆ ರಾಕ್ ಸಂಗೀತ ಸಿಕ್ಕಿದ್ದು ಕಾಲೇಜಿನ ಗೆಳೆಯರಿಂದಲ್ಲ, ರಸ್ತೆಯಿಂದ. ಹಗಲು ಕ್ಯಾಂಟೀನುಗಳಲ್ಲಿ ದುಡಿದು ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತವರು ಧೋಬಿ ತಲಾವ್ ಹಾದು ಮನೆಗೆ ಹೋಗುವಾಗ ರಂಗ್ ಭವನದ ಬಯಲು ವೇದಿಕೆಯ ಸದ್ದು ಕಾಂಪೌಂಡ್ ದಾಟಿ ಬರುತ್ತಿತ್ತು. 1986ರಲ್ಲಿ ಶುರುವಾದ ಇಂಡಿಪೆಂಡೆನ್ಸ್ ರಾಕ್ ಉತ್ಸವದ ನೆಲೆ ಅದು. ಕ್ಯಾಸೆಟ್ ಬೇಕೆಂದರೆ ಕಾಲಾ ಘೋಡಾದ ರಿದಮ್ ಹೌಸ್. 2016ರಲ್ಲಿ ಅದೂ ಮುಚ್ಚಿತು.

ಬ್ರೇಬೋರ್ನ್‌ನಲ್ಲಿ ನಾನು ನಿಂತಿದ್ದ ಜಾಗದಿಂದ ಜ್ಯಾಗರ್ ಬೆರಳಿನುದ್ದ, ವಾಟ್ಸ್ ಇನ್ನೂ ಚಿಕ್ಕವರು. ದೊಡ್ಡ ಪರದೆಯ ಕ್ಯಾಮೆರಾಗಳಿಗೆ 59ರ ಜ್ಯಾಗರ್ ಅವರ ಓಟದಿಂದ ಬಿಡುವೇ ಇರಲಿಲ್ಲ. ಆದರೂ ಪರದೆಯಲ್ಲಿ 61ರ ವಾಟ್ಸ್ ಕಾಣಿಸಿಕೊಂಡ ಪ್ರತಿ ಸಲ ಮೈದಾನದ ಒಂದು ಮೂಲೆಯಿಂದ ಕೂಗು ಏಳುತ್ತಿತ್ತು. ಡ್ರಮ್ ಬಾರಿಸುವವರೆಲ್ಲ ಅಲ್ಲಿ ಗುಂಪುಕಟ್ಟಿ ನಿಂತಿದ್ದರು. ಸ್ಟೋನ್ಸ್ ಎಲ್ಲಿ ಹೋದರೂ, ತಂಡದವರ ಪರಿಚಯ ಮಾಡಿಕೊಡುವಾಗ ವಾಟ್ಸ್ ಅವರ ಹೆಸರಿಗೆ ಬೀಳುವ ಚಪ್ಪಾಳೆ ಉದ್ದವಾಗಿರುತ್ತಿತ್ತು. ಅವರಿಗೋ ಎಲ್ಲಿ ಅಡಗಿಕೊಳ್ಳಲಿ ಎನ್ನುವ ಸಂಕೋಚ. ಪುಣೆಯ ಢೋಲ್-ತಾಷಾ, ಮುಂಬೈಯ ವಿಸರ್ಜನೆಯ ಮೆರವಣಿಗೆ ಕೇಳಿ ಬೆಳೆದ ಊರಿನವರು ನಾವು. ಚರ್ಮವಾದ್ಯವೆಂದರೆ ಎದೆ ನಡುಗಬೇಕು ಎಂದುಕೊಂಡವರು. ಅಂಥ ಊರು ಒಬ್ಬ ಮೆದುಗೈಯ ವಾದಕನಿಗೆ ಹಾಗೆ ಕೂಗಿತು.

ರಾಕ್‌ನ ದೊಡ್ಡ ವಾದಕರ ಸಾವಿಗೆ ಆಯಾ ತಂಡಗಳು ಒಂದೊಂದು ರೀತಿ ಸ್ಪಂದಿಸಿವೆ. 1978ರಲ್ಲಿ ದಿ ಹೂ ತಂಡದ ಕೀತ್ ಮೂನ್ 32ನೇ ವಯಸ್ಸಿಗೆ ಹೋದಾಗ ಬೇರೊಬ್ಬರನ್ನು ತಂದು ಮುಂದುವರಿದರು. 1980ರ ಸೆಪ್ಟೆಂಬರ್ 25ರಂದು ಲೆಡ್ ಜೆಪಲಿನ್‌ನ ಜಾನ್ ಬಾನ್‌ಹ್ಯಾಮ್, ಅವರೂ 32ಕ್ಕೇ, ತೀರಿಕೊಂಡಾಗ ಉಳಿದವರು ಡಿಸೆಂಬರ್‌ನಲ್ಲಿ ತಂಡವನ್ನೇ ಮುಗಿಸಿದರು. (ಆ ತಂಡದ ಗಿಟಾರ್ ವಾದಕ ಪೇಜ್ ಮತ್ತು ಗಾಯಕ ಪ್ಲಾಂಟ್ 1972ರಲ್ಲಿ ಬೊಂಬಾಯಿಗೆ ಬಂದು ಇಲ್ಲಿನ ವಾದ್ಯಗಾರರೊಡನೆ ಧ್ವನಿಮುದ್ರಣ ಮಾಡಿದ್ದರು. ಬಾನ್‌ಹ್ಯಾಮ್ ಬಂದಿರಲಿಲ್ಲ. ಬಂದಿದ್ದರೆ ತಬಲದವರ ಎದುರು ಏನಾಗುತ್ತಿತ್ತೋ ನೋಡಬೇಕಿತ್ತು.) ರಷ್ ತಂಡದ ನೀಲ್ ಪಿಯರ್ಟ್ 2020ರ ಜನವರಿಯಲ್ಲಿ ಮಿದುಳಿನ ಕ್ಯಾನ್ಸರಿನಿಂದ ತೀರಿಕೊಳ್ಳುವ ಹೊತ್ತಿಗೆ ತಂಡ ವೇದಿಕೆಯಿಂದ ಇಳಿದು ವರ್ಷಗಳಾಗಿದ್ದವು. ಪಿಯರ್ಟ್ ಅವರ ಏಳರ, ಐದರ ಲೆಕ್ಕಗಳನ್ನು ಮಿಶ್ರಛಾಪು, ಖಂಡಛಾಪು ಬಲ್ಲ ನಮ್ಮವರು ಥಟ್ಟನೆ ಹಿಡಿಯುತ್ತಾರೆ. ಅವರ ಅಭಿಮಾನಿಗಳು ಪೆಟ್ಟುಗಳನ್ನು ಒಂದೊಂದಾಗಿ ಎಣಿಸಿ ನೆನೆಯುವವರು. ವಾಟ್ಸ್ ಅಭಿಮಾನಿಗಳ ಕಷ್ಟ ಬೇರೆ. ಎಣಿಸಿ ತೋರಿಸಲು ಅವರ ಬಳಿ ಹೆಚ್ಚೇನಿಲ್ಲ.

ಸ್ಟೋನ್ಸ್ ನಿಲ್ಲಲಿಲ್ಲ. ಆ ಆಗಸ್ಟ್‌ನಲ್ಲಿಯೇ, ಸಾವಿಗೆ ಮುಂಚೆ, ಆರೋಗ್ಯದ ಕಾರಣಕ್ಕೆ ವಾಟ್ಸ್ ಅಮೆರಿಕ ಪ್ರವಾಸದಿಂದ ಹಿಂದೆ ಸರಿದಿದ್ದರು. ಬದಲಿಗೆ ಸ್ಟೀವ್ ಜೋರ್ಡನ್ ಬರಲೆಂದು ಗೊತ್ತಾಗಿತ್ತು. 1980ರ ದಶಕದಿಂದ ರಿಚರ್ಡ್ಸ್ ಅವರ ಸ್ವಂತ ತಂಡದಲ್ಲಿ ಬಾರಿಸಿದವರು ಅವರು. ಸೆಪ್ಟೆಂಬರ್ 26ರಂದು ಸೇಂಟ್ ಲೂಯಿಯಲ್ಲಿ ಪ್ರವಾಸ ಆರಂಭವಾದಾಗ ಮೊದಲು ವೇದಿಕೆ ಖಾಲಿ ಇತ್ತು. ಡ್ರಮ್ಮಿನ ಸದ್ದು ಮಾತ್ರ ಕೇಳುತ್ತ, ಪರದೆಯ ಮೇಲೆ ವಾಟ್ಸ್ ಅವರ ಚಿತ್ರಗಳು ಬಂದುಹೋದವು. ಆಮೇಲೆ ಮೊದಲ ಹಾಡು. ಜೋರ್ಡನ್ ಗಟ್ಟಿ ಕೈ, ಕರಾರುವಾಕ್ಕು. ಹಾಡುಗಳು ಹೆಚ್ಚು ಬಿಗಿಯಾಗಿವೆ ಎಂದು ಕೆಲವರು ಮೆಚ್ಚಿದರು. ಬಿಗಿಯಾದದ್ದೇ ತೊಂದರೆ ಎಂದು ನಮ್ಮ ಬಳಗದ ಬಹುಮತ. ನಾನೂ ಆ ಕಡೆಯವನೇ, ಆದರೆ ಜೋರ್ಡನ್ ಅವರನ್ನು ದೂರುವುದು ಅನ್ಯಾಯ. ಇನ್ನೊಬ್ಬರ ತಡವನ್ನು ಎರವಲು ಪಡೆಯಲು ಬರುವುದಿಲ್ಲ. ಅವರು ತಮ್ಮ ಕೈಯಂತೆ ಬಾರಿಸಿದ್ದೇ ಪ್ರಾಮಾಣಿಕವಾದದ್ದು.

ಆ ಸೆಪ್ಟೆಂಬರ್‌ನಲ್ಲಿ ಮುಂಬೈಯಲ್ಲಿ ಕೊರೊನಾದ ನಿರ್ಬಂಧಗಳು ಪೂರ್ತಿ ಸಡಿಲವಾಗಿರಲಿಲ್ಲ. ಎರಡು ಲಸಿಕೆ ಹಾಕಿಸಿಕೊಂಡವರಿಗೆ ಲೋಕಲ್ ರೈಲು ತೆರೆದು ಕೆಲವೇ ವಾರಗಳಾಗಿದ್ದವು. ಸಭೆ, ಸಂತಾಪಸೂಚಕ ಕಛೇರಿ ಎಂದೆಲ್ಲ ನಮ್ಮಿಂದ ಆಗಲಿಲ್ಲ. ಒಬ್ಬರು ದಿನಕ್ಕೊಂದು ಹಾಡು ಕಳಿಸುವುದು, ಉಳಿದವರು ಅದರ ಡ್ರಮ್ಮನ್ನು ಮಾತ್ರ ಕೇಳಿ ಎರಡು ಸಾಲು ಬರೆಯುವುದು ಎಂದಾಯಿತು. ಶಾಲೆಯ ಮನೆಗೆಲಸದಂತೆ ತೋರಿದರೂ ಗಿಟಾರ್ ಮತ್ತು ಹಾಡುಗಾರಿಕೆಯ ಹಿಂದೆ ಓಡುವ ಕಿವಿಯನ್ನು ಹಿಡಿದು ಹಿಂದಿನ ಸಾಲಿಗೆ ಕೂರಿಸಲು ಅದರಷ್ಟು ಒಳ್ಳೆಯ ಉಪಾಯ ಇಲ್ಲ.

ಹೊಸಬರು ಶುರುಮಾಡುವುದಾದರೆ ಮೊದಲು 1965ರ ‘ಸ್ಯಾಟಿಸ್ಫ್ಯಾಕ್ಷನ್’ ಕೇಳಲಿ. ಅಲ್ಲಿ ಸ್ನೇರ್ ಎರಡು ಮತ್ತು ನಾಲ್ಕಕ್ಕೆ ಮಾತ್ರವಲ್ಲ, ನಾಲ್ಕೂ ಅಕ್ಷರಗಳ ಮೇಲೆ ಬೀಳುತ್ತದೆ. ಎಣಿಸುವುದು ಸುಲಭ. ಆಮೇಲೆ ‘ಹಾಂಕಿ ಟಾಂಕ್ ವಿಮೆನ್’. ಮೊದಲ ಅರ್ಧ ನಿಮಿಷ ಕೌಬೆಲ್ಲಿಗೆ ಕೈ ತಟ್ಟುತ್ತ ಕೂತು, ಹಾಡಿನ ಕೊನೆಗೆ ನಿಮ್ಮ ಕೈ ಎಷ್ಟು ವೇಗ ಹೆಚ್ಚಿಸಿಕೊಂಡಿದೆ ನೋಡಿಕೊಳ್ಳಿ. ಮೂರನೆಯದಾಗಿ ಯಾವುದಾದರೂ ಕಛೇರಿಯ ವಿಡಿಯೊ ತೆಗೆದು, ಸದ್ದು ಪೂರ್ತಿ ಆರಿಸಿ ಅವರ ಬಲಗೈಯನ್ನು ಗಮನಿಸಿ. ಎಡಗೈ ಇಳಿಯುವಾಗಲೆಲ್ಲ ಅದು ಮೇಲೆದ್ದಿರುವುದನ್ನು ಕಂಡುಕೊಂಡ ಮೇಲೆ ಸದ್ದು ಹಾಕಿ. ಕೊನೆಗೆ 2023ರ ‘ಹ್ಯಾಕ್ನಿ ಡೈಮಂಡ್ಸ್’ ಆಲ್ಬಮ್. ಅದರ ‘ಮೆಸ್ ಇಟ್ ಅಪ್’ ಮತ್ತು ‘ಲಿವ್ ಬೈ ದಿ ಸ್ವೋರ್ಡ್’ ಹಾಡುಗಳಲ್ಲಿ 2019ರಲ್ಲಿ ಮುದ್ರಿಸಿಟ್ಟಿದ್ದ ವಾಟ್ಸ್ ಅವರ ಡ್ರಮ್ ಇದೆ. ಎರಡನೆಯದರಲ್ಲಿ ಹಳೆಯ ಜೊತೆಗಾರ ಬಿಲ್ ವೈಮನ್ ಕೂಡ ಇದ್ದಾರೆ. ಉಳಿದ ಹಾಡುಗಳ ಡ್ರಮ್ ಬಹುಮಟ್ಟಿಗೆ ಜೋರ್ಡನ್ ಅವರದು. ಹೆಸರು ನೋಡದೆ ಆಲ್ಬಮ್ಮನ್ನು ಮೊದಲಿನಿಂದ ಕೇಳುತ್ತ ಹೋಗಿ, ಆ ಎರಡು ಹಾಡು ಯಾವುವೆಂದು ಕಿವಿಯಿಂದಲೇ ಹೇಳಲು ಬರುತ್ತದೆಯೇ ಪರೀಕ್ಷಿಸಿಕೊಳ್ಳಬಹುದು. ನನ್ನ ಅಕ್ಕನ ಮಗ ಒಂದನ್ನು ಗುರುತಿಸಿದ, ಇನ್ನೊಂದಕ್ಕೆ ಈಗಲೂ ನನ್ನೊಡನೆ ವಾದಿಸುತ್ತಾನೆ.